ಬೇರೆ ಅಂಗಡಿಯ ಬಳೆ

ಬ್ಯಾಡಗಿಯ ಬಳೆ ಅಂಗಡಿ ಶಂಭುಲಿಂಗನಿಗೆ ಬೆಳಗಿನಿಂದ ತನ್ನ ಹೊಸ ಫೋನಿನ ಮೇಲೆ ಕೆಂಡದಂಥ ಸಿಟ್ಟು. ಕದರಮಂಡಲಗಿಯ ಭಜನಾ ಮಂಡಳಿಯವರು ತಾವೇ ಮಾಡಿಸಿದ ಭಜನೆ ಪದಗಳ ಆ್ಯಪ್ ಕಳಿಸಿದ್ದರು. ಎಲ್ಲರ ಫೋನಿನಲ್ಲೂ ಅದು ಕೂತಿತು. ಇವನ ದುಬಾರಿ ಫೋನು ಮಾತ್ರ ಕಂಪನಿಯ ಸ್ವಂತ ಆ್ಯಪ್ ಅಂಗಡಿಯದಲ್ಲದ್ದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹೊರಗಿನ ಮಾಲು ಅಪಾಯವಂತೆ!

“ಫೋನ್ ನಂದು. ಯಾವ ಅಂಗಡಿಗೆ ಹೋಗಬೇಕಂತ ಹೇಳಾಕ ಇವರ್ಯಾರು?” ಎಂದು ಕೂಗಾಡುತ್ತಿದ್ದಾಗಲೇ, ರಾಣೆಬೆನ್ನೂರಿನ ತವರಿಗೆ ಹೋಗಿದ್ದ ಹೆಂಡತಿ ಭುವನಾ ಬುತ್ತಿಗಂಟು ಹಿಡಿದು ಬಂದಳು. ಕೈತುಂಬ ಹಸಿರು ಬಳೆ. ಅವು ತನ್ನ ಅಂಗಡಿಯವಲ್ಲ ಎಂದು ಶಂಭುಲಿಂಗನಿಗೆ ಸಪ್ಪಳದಲ್ಲೇ ಗೊತ್ತಾಯಿತು.

“ಯಾರ ಕಡೆ ಇಡಿಸ್ಕೊಂಡಿ?”

“ಕಲ್ಲೇಶನ ಅಂಗಡ್ಯಾಗರಿ. ಈ ಬಣ್ಣ ನಮ್ಮಲ್ಲಿಲ್ಲ.”

ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಳೆ ಏರಿಸುತ್ತಾನೆಂದು ಹೆಂಗಸರೆಲ್ಲ ಹೊಗಳುವ ಕಲ್ಲೇಶ! ಮದುವೆಯಾದಾಗಿನಿಂದ ಹೆಂಡತಿಯ ಕೈಯನ್ನು ತಾನಲ್ಲದೆ ಬೇರೆ ಯಾವ ಬಳೆಗಾರನೂ ಹಿಡಿದಿರಲಿಲ್ಲ.

“ಅವನ ಮಾಲು ಕಚ್ಚಾ. ಕೈ ಕೊಯ್ತಾವ, ತಗಿ!”

“ಕೊಯ್ದರ ನನ್ನ ಕೈ ಕೊಯ್ತಾವ,” ಎಂದು ಭುವನಾ ಬುತ್ತಿ ಬಿಚ್ಚಿದಳು. “ನಿಮ್ಮ ಫೋನ್ ಕಂಪನಿಯವರೂ ಹಿಂಗ ಹೇಳತಾರಲ್ರಿ?”

ಶಂಭುಲಿಂಗ ರೊಟ್ಟಿ ಮುರಿದ. ತಾನು ಬಳೆ ಇಡುವಾಗ ಅವಳ ಕೈಯಲ್ಲಿ ಪ್ರತಿ ಸಲವೂ ಒಂದೆರಡಾದರೂ ಒಡೆಯುತ್ತಿದ್ದವು. ಕಡೆಗೆ ತಡೆಯಲಾರದೆ ಕೇಳಿದ:

“ಅಂವ ಇಡುವಾಗ ಎಷ್ಟು ಒಡದುವು?”

“ಒಂದೂ ಒಡೀಲಿಲ್ಲರಿ.”