ಜೋಡಿ ಹಾಳೆ

ಮಗಳಿಗೆ ಪುಸ್ತಕ ಆರಿಸಿ ತರುವುದು, ಸಂಜೆ ಮಡಿಲಲ್ಲಿ ಕೂರಿಸಿಕೊಂಡು ಓದಿ ಹೇಳುವುದು ನಮ್ಮನೆಯವರ ಪಾಲಿನ ಕೆಲಸ. ಪುಸ್ತಕಕ್ಕೆ ಹೊಲಿಗೆ ಹಾಕಿ ರಟ್ಟು ಕಟ್ಟುವುದೇ ಅವರ ಕಸುಬು. ನಾನು ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಬಂದವಳು. ಅಪ್ಪ ಮಗಳು ಓದುತ್ತ ಕೂತಷ್ಟು ಹೊತ್ತು ನನಗೆ ಬಿಡುವು ಎಂದು ಅತ್ತ ತಲೆ ಹಾಕುತ್ತಲೇ ಇರಲಿಲ್ಲ. ಆ ಸುಖಕ್ಕೆ ಸರಿಯಾದ ಶಾಸ್ತಿಯಾಯಿತು.

ಅವತ್ತು ಮಗಳನ್ನು ಕರೆತರಲು ಶಿಶುವಿಹಾರಕ್ಕೆ ಹೋದಾಗ ಟೀಚರ್ ಬಾಗಿಲಲ್ಲೇ ಕಾಯುತ್ತಿದ್ದರು.

"ಸ್ವಲ್ಪ ಒಳಗೆ ಬನ್ನಿ. ಕಥೆ ಓದಿದಾಗಿಂದ ಚೂಟಿ ಆ ಮೂಲೆ ಬಿಟ್ಟು ಏಳ್ತಿಲ್ಲ. ಪುಸ್ತಕಾನೂ ಕೊಡ್ತಿಲ್ಲ."

ಒಂದು ಕ್ಷಣ ಸುಮ್ಮನಿರದ ನನ್ನ ನಾಲ್ಕು ವರ್ಷದ ಚೂಟಿ ಗೋಡೆಗೆ ಒರಗಿ ಕಲ್ಲಿನ ಹಾಗೆ ಕೂತಿದ್ದಳು. ತೊಡೆಯ ಮೇಲೆ ಅಜ್ಜಿ ಆನೆ, ಮರಿ ಆನೆಯ ಕಥೆ. ಅದೇ ಪುಸ್ತಕ ನಮ್ಮ ಮನೆಯಲ್ಲೂ ಇದೆ, ಅವಳಿಗೆ ಅಚ್ಚುಮೆಚ್ಚು.

"ಅಮ್ಮಾ, ಟೀಚರ್ ಪುಸ್ತಕದಲ್ಲಿ ಅಜ್ಜಿ ಆನೆ ಸತ್ತೋಗತ್ತೆ. ನಮ್ಮದ್ರಲ್ಲಿ ಸಾಯಲ್ಲ."

ಪುಟ ತಿರುವಿದೆ. ಕೊನೆಯ ಹತ್ತಿರ ಅಜ್ಜಿ ಆನೆ ಮರದ ಕೆಳಗೆ ಮಲಗಿತ್ತು. ಮರಿ ಅದರ ಕಿವಿಯನ್ನು ಸೊಂಡಿಲಿಂದ ಸವರುತ್ತಿತ್ತು. ಅತ್ತೆ ತೀರಿಕೊಂಡು ಮೂರು ತಿಂಗಳಾಗಿತ್ತು. ಚೂಟಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಎಲ್ಲ ಮುಗಿಸಿ ಬಂದು, ಅಜ್ಜಿ ದೊಡ್ಡಪ್ಪನ ಮನೆಗೆ ಹೋಗಿದ್ದಾರೆ ಎಂದು ಹೇಳಿಬಿಟ್ಟಿದ್ದೆವು.

ಟೀಚರ್ ಹತ್ತಿರ ಕೇಳಿ ಆ ಪುಸ್ತಕವನ್ನು ಮನೆಗೆ ತಂದೆ. ಮನೆಯ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರೆ ನಮ್ಮದರಲ್ಲಿ ಆ ಹಾಳೆಯೇ ಇಲ್ಲ. ನಮ್ಮನೆಯವರನ್ನು ಕೂಗಿದೆ.

"ಇದೇನ್ರೀ ಇದು?"

ಅವರು ಎರಡೂ ಪುಸ್ತಕ ನೋಡಿದರು. "ನಾನೇ ತೆಗೆದೆ. ಮಗು ಹೆದರುತ್ತೆ ಅಂತ... ಸುಳ್ಳು ಯಾಕೆ, ನನಗೇ ಓದಕ್ಕಾಗ್ಲಿಲ್ಲ. ಪುಸ್ತಕ ತಂದಾಗ ಅಮ್ಮ ಹೋಗಿ ವಾರಾನೂ ಆಗಿರ್ಲಿಲ್ಲ."

ಕಿತ್ತ ಗುರುತೇ ಇರಲಿಲ್ಲ. ಕೈಚಳಕ ಮೆಚ್ಚಬೇಕೋ, ಉರಿದು ಬೀಳಬೇಕೋ ತಿಳಿಯಲಿಲ್ಲ. ಹೋಲಿಸಿ ನೋಡಿದರೆ ಮುಂಭಾಗದಲ್ಲೂ ಒಂದು ಹಾಳೆ ಮಾಯ: ಅಜ್ಜಿ ಆನೆ ಮರಿಯನ್ನು ನೆರಳಲ್ಲಿ ಕೂರಿಸಿಕೊಂಡು ಕಥೆ ಹೇಳುವ ಹಾಳೆ.

"ಇದನ್ಯಾಕೆ ತೆಗೆದ್ರಿ? ಇದರಲ್ಲಿ ಸಾವು ಎಲ್ಲಿದೆ?"

"ಎರಡೂ ಒಂದೇ ಕಾಗದ ಕಣೇ, ನಡುವೆ ಮಡಚಿ ಹೊಲಿದಿರೋದು. ಹಿಂದಿನ ಅರ್ಧ ತೆಗೆದ್ರೆ ಮುಂದಿನ ಅರ್ಧ ದಾರದಲ್ಲಿ ನಿಲ್ಲಲ್ಲ. ಜೋಡೀನೇ ತೆಗೀಬೇಕಾಯ್ತು."

ಚೂಟಿ ಬಾಗಿಲಲ್ಲಿ ನಿಂತಿದ್ದಳು.

"ಅಪ್ಪಾ, ನಮ್ಮ ಅಜ್ಜೀನೂ ಸತ್ತೋದ್ರಾ?"

ಅವರು ನನ್ನತ್ತ ನೋಡಿದರು. ನಾನೇ ಹೂಂ ಎಂದೆ. ಅಳುತ್ತಾಳೆಂದು ಕೈ ಚಾಚಿದರೆ, ಅವಳು ಉದ್ದಕ್ಕೆ ಉಸಿರು ಬಿಟ್ಟಳು.

"ಹಾಗಾದ್ರೆ ನನ್ನ ಮೇಲೆ ಸಿಟ್ಟು ಮಾಡ್ಕೊಂಡು ಹೋಗಿದ್ದಲ್ವಾ? ಕನ್ನಡಕ ಒಡೆದೆ ಅಂತ?"

ಅತ್ತೆಯನ್ನು ಆಸ್ಪತ್ರೆಗೆ ಸೇರಿಸುವ ಹಿಂದಿನ ದಿನ ಅವಳು ಕನ್ನಡಕ ತುಳಿದದ್ದು ನಮಗೆ ಮರೆತೇ ಹೋಗಿತ್ತು. ಮಗು ನೆನಪು ಮಾಡಿಕೊಂಡೀತೆಂದು ನಾವು ಅಜ್ಜಿಯ ಮಾತೇ ಎತ್ತುತ್ತಿರಲಿಲ್ಲ. ಅವಳೂ ಕೇಳುತ್ತಿರಲಿಲ್ಲ. ಮಕ್ಕಳು ಬೇಗ ಮರೆಯುತ್ತಾರೆ ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡಿದ್ದೆವು. ಇಷ್ಟು ದಿನ ಈ ಹಸುಳೆ ಅದನ್ನು ಒಬ್ಬಳೇ ಹೊತ್ತಿದ್ದಳು. ಹೆತ್ತವಳೆಂದು ಹೇಳಿಕೊಳ್ಳಲು ನಾಚಿಕೆಯಾಯಿತು.

"ಸಿಟ್ಟೆಲ್ಲಿ ಕಂದ," ಎಂದರು ನಮ್ಮನೆಯವರು, ಅವಳನ್ನು ಹತ್ತಿರ ಎಳೆದುಕೊಂಡು. "ಕನ್ನಡಕ ಒಡೆದ್ಮೇಲೂ ನಿನ್ನ ಕೂರಿಸ್ಕೊಂಡು ಕಥೆ ಹೇಳಿದ್ರಲ್ಲ. ಅಕ್ಷರ ಕಾಣ್ದೆ, ಬರೀ ಚಿತ್ರ ನೋಡ್ಕೊಂಡು."

ಚೂಟಿ ಯೋಚಿಸಿದಳು.

"ಎಲ್ಲಾ ತಪ್ಪು ತಪ್ಪು ಹೇಳಿದ್ರು. ನರೀನ ನಾಯಿ ಅಂದ್ರು," ಎಂದು ನಕ್ಕಳು. ನಗುನಗುತ್ತಲೇ ಅಳು ಬಂತು, ಮೂವರಿಗೂ.

ಎಸೆಯಲು ಕೈ ಬರದೆ ಅವರು ಆ ಜೋಡಿ ಹಾಳೆಯನ್ನು ಕಪಾಟಿನಲ್ಲಿ ಎತ್ತಿಟ್ಟಿದ್ದರು. ಅದನ್ನು ತಂದು ಮತ್ತೆ ಹೊಲಿಯಲು ಕೂತರು, ಸೂಜಿಗೆ ದಾರ ನಾನೇ ಪೋಣಿಸಿಕೊಟ್ಟೆ. ಹೊಲಿದು ಮುಗಿದ ಮೇಲೆ, ಮೊದಲ ಸಲ, ನಾನೂ ಓದಲು ಕೂತೆ. ಕಥೆ ಹೇಳುವ ಹಾಳೆ ಬಂದಾಗ ಚೂಟಿ ಅಪ್ಪನ ಕೈಯಿಂದ ಪುಸ್ತಕ ಎಳೆದುಕೊಂಡಳು.

"ಇದು ನಾನು ಹೇಳ್ತೀನಿ. ಅಜ್ಜಿ ಹಾಗೆ."

ಕಣ್ಣು ಕಿರಿದು ಮಾಡಿ, ಮರಿ ಆನೆಯ ಮೇಲೆ ಬೆರಳಿಟ್ಟು, ಹಂದಿಮರಿ ಎಂದಳು.