ಕೆಸರಲ್ಲಿ ಮೊಟ್ಟೆಯಿಟ್ಟ ಕೋಳಿ

ಸರ್ಕಾರದ ಬಿಳಿಯ ಅಧಿಕಾರಿ ಮೊದಲ ಸಲ ಬಂದಾಗ ದೋಣಿಯಿಂದ ಇಳಿಯುತ್ತಲೇ ಜಾರಿ ಕೆಸರಲ್ಲಿ ಕುಕ್ಕರಿಸಿದ್ದ. ಡೋಲಿನ ಬಡಿತದಲ್ಲೇ ಊರಿಂದೂರಿಗೆ ಮಾತು ಕಳಿಸುವ ಆ ಸೀಮೆಯಲ್ಲಿ, ಹೊಸಬರಿಗೆ ಡೋಲಿನ ಹೆಸರು ಇಡುವ ಹಕ್ಕು ಊರ ಡೋಲಿನವ ಬೊಫೋಯನದು. ಅವನು ಅಂದೇ ಮರದ ಡೋಲು ಬಡಿದು ಸಾರಿದ: 'ಕೆಸರಲ್ಲಿ ಮೊಟ್ಟೆಯಿಟ್ಟ ಬಿಳಿ ಕೋಳಿ.' ಕಾಂಗೋ ನದಿಯುದ್ದಕ್ಕೂ ಹನ್ನೆರಡು ಊರಿನ ಡೋಲುಗಳು ಅದನ್ನು ಕಲಿತವು. ಹೆಂಗಸರು ಮರಗೆಣಸು ಕುಟ್ಟುತ್ತ ಬಿದ್ದು ಬಿದ್ದು ನಕ್ಕರು. ಬೊಫೋಯನಿಗೆ ಅಷ್ಟು ಹೊಗಳಿಕೆ ಹಿಂದೆಂದೂ ಸಿಕ್ಕಿರಲಿಲ್ಲ.

ಎರಡನೆಯ ಸಲ ಕೋಳಿ ಬಂದೂಕಿನವರೊಂದಿಗೆ ಬಂತು. ಊರವರು ತಂದುಕೊಟ್ಟ ಕಾಡಿನ ರಬ್ಬರು ಸಾಲದೆಂದು ಹೆಂಗಸರನ್ನು ಹಗ್ಗದಲ್ಲಿ ಕಟ್ಟಿ ದೋಣಿಗೆ ಹಾಕಿ, ಗುಡಿಸಲುಗಳಿಗೆ ಬೆಂಕಿಯಿಟ್ಟು, ಮಧ್ಯಾಹ್ನ ಕೆಳಗಿನ ಊರಿನತ್ತ ಹೊರಟಿತು. ಬೊಫೋಯ ತನ್ನ ಒಬ್ಬಳೇ ಮಗಳು ಲಿಸೋಕೊಳನ್ನು ಕೊಟ್ಟದ್ದು ಆ ಊರಿಗೇ.

ದಡದ ಡೋಲಿಗೆ ಬೆಂಕಿ ತಾಗಿರಲಿಲ್ಲ.

"ಬಡಿಯೋ ಬೇಗ!" ಊರ ಹಿರಿಯ ಲೊಕಂಗಾ ಕೂಗಿದ. "ನಿನ್ನ ಹಾಳು ಕೋಳಿ ಬ್ಯಾಡ. ಊರು ಸುಡೋ ಚಿರತೆ ಅನ್ನು."

ಬೊಫೋಯ ಬಡಿದ: 'ಊರು ಸುಡುವ ಚಿರತೆ ಬರುತ್ತಿದೆ. ಕಾಡು ಸೇರಿ.'

ಕೆಳಗಿನ ಊರಿನ ಡೋಲು ಉತ್ತರಿಸಿತು.

"ಏನಂತೆ?"

"ಅದ್ಯಾರು ಅಂತ ಕೇಳ್ತಾವ್ನೆ. ಅಂಥ ಹೆಸ್ರೇ ಕೇಳಿಲ್ವಂತೆ."

ಡೋಲಿನ ಹೆಸರು ಒಮ್ಮೆ ಬಿದ್ದರೆ ಸಾಯುವತನಕ ಅದೇ. ಗುರುತಿಲ್ಲದ ಹೆಸರಿಗೆ ಯಾರೂ ಮನೆ ಬಿಟ್ಟು ಓಡುವುದಿಲ್ಲ.

"ಹಂಗಾರೆ ಹಳೇದನ್ನೇ ಹೇಳು ಮಾರಾಯ, ದೋಣಿ ತಿರುವು ದಾಟ್ತೈತೆ!"

ಬೊಫೋಯ ಮತ್ತೆ ಡೋಲಿಗೆ ಬಾಗಿದ. ಡೋಲಿನ ಮಾತು ಉದ್ದ, ದೋಣಿಯ ಹಾದಿ ಗಿಡ್ಡ. ಬಡಿದ: 'ಕೆಸರಲ್ಲಿ ಮೊಟ್ಟೆಯಿಟ್ಟ ಬಿಳಿ ಕೋಳಿ ಬರುತ್ತಿದೆ. ಓಡಿ.'

ಈ ಸಲ ಉತ್ತರ ತಟ್ಟನೆ ಬಂತು. ಬೊಫೋಯ ಕೋಲು ಕೆಳಗಿಳಿಸಿದ.

"ಹೇಳೋ, ಓಡಿದ್ರಾ?"

"ಬರ್ಲಿ, ಮೊಟ್ಟೆ ಎತ್ಕೊಳ್ಳಕ್ಕೆ ಬುಟ್ಟಿ ತಂದಿದೀವಿ ಅಂತವ್ನೆ. ಊರೆಲ್ಲ ನೋಡಕ್ಕೆ ದಡಕ್ಕೆ ಇಳಿದೈತಂತೆ. ನನ್ನ ಮಗ್ಳು ಎಲ್ರಿಗಿಂತ ಮುಂದೆ ಅಂತೆ. ಅಪ್ಪ ಇಟ್ಟ ಹೆಸ್ರಲ್ವಾ."

ಅವನು ಮತ್ತೆ ಕೋಲು ಎತ್ತಿದ. 'ನಮ್ಮೂರು ಸುಟ್ಟಿದೆ. ನಗಬೇಡಿ. ನಮ್ಮ ಹೆಂಗಸರನ್ನು ಒಯ್ದಿದ್ದಾರೆ.' ಕೆಳಗಿನಿಂದ ಏನೂ ಬರಲಿಲ್ಲ. ಅಲ್ಲಿಯ ಡೋಲಿನವನೂ ಕೋಲು ಬಿಟ್ಟು ತಮಾಷೆ ನೋಡಲು ಹೋಗಿರಬೇಕು.

ಗುಂಡಿನ ಸದ್ದು ನೀರಿನ ಮೇಲೆ ಹಾದು ಬಂತು. ಬೊಫೋಯ ಆಮೇಲೂ ಬಡಿಯುತ್ತಲೇ ಇದ್ದ. ಲೊಕಂಗಾ ಬಂದು ಅವನ ಕೈಯಿಂದ ಕೋಲು ಬಿಡಿಸಿಕೊಂಡ.

"ನಾನೂ ನಕ್ಕಿದ್ದೆ ಕಣೋ," ಎಂದ.

ಬೊಫೋಯ ಅವನ ಮುಖ ನೋಡಲಿಲ್ಲ. ಎದ್ದು, ಇದ್ದೊಂದು ದೋಣಿಯನ್ನು ನೀರಿಗೆ ತಳ್ಳಿ ಮಗಳ ಊರಿನ ಕಡೆ ಹುಟ್ಟು ಹಾಕಿದ.