ರುಬ್ಬುಗುಂಡಿನ ಮುಂದೆ ಅತ್ತದ್ದು

ನಮ್ಮ ಮನೆಯ ರುಬ್ಬುಗುಂಡು ಸುತ್ತಿದಷ್ಟು ಊರನ್ನು ನಮ್ಮ ಯಜಮಾನರು ಕೂಡ ಸುತ್ತಿಲ್ಲ. ಅದಕ್ಕೆ ಕಾರಣ ನನ್ನ ಹಾಳು ಬಾಯಿ.

ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ವರ್ಷವೇ ನನ್ನ ನಾದಿನಿಯ ಮದುವೆ. ಅವಳನ್ನು ಹಾರನಹಳ್ಳಿಗೆ ಕೊಟ್ಟಿದ್ದು. ಮಿರ್ಲೆಯ ನಮ್ಮ ಮನೆಯಲ್ಲಿ ಬೀಗರೂಟ. ಗಂಡಿನ ಕಡೆಯ ಹೆಂಗಸರು ನಡುಮನೆಯಲ್ಲಿ ಕೂತು, "ಮಿರ್ಲೆ ಎಂಗಸ್ರಿಗೆ ಬಾಯೇ ಇಲ್ವಲ್ರವ್ವ" ಎಂದು ಹಂಗಿಸಿದರು. ನನಗೆ ಮೊದಲೇ ಮೈ ಉರಿಯುತ್ತಿತ್ತು. ಬೆಳಗಿನಿಂದ ಮಸಾಲೆ ರುಬ್ಬಿ ರಟ್ಟೆ ಬಿದ್ದುಹೋಗಿತ್ತು. ಅದರ ಮೇಲೆ ನಮ್ಮತ್ತೆ ಚಿಕ್ಕಬೀರಮ್ಮ 'ನುಣ್ಣಗಾಗಿಲ್ಲ' ಅಂತ ಮತ್ತೆ ಮತ್ತೆ ವಾಪಸು ಕಳಿಸಿದ್ದರು. ಒರಳಿಂದ ಗುಂಡನ್ನು ಎತ್ತಿಕೊಂಡು ಬಂದೆ. ಚಾಪೆಯ ಮೇಲೆ ಮಲಗಿಸಿ, ಅತ್ತೆಮ್ಮನ ಹಳೇ ಸೀರೆ ಹೊದಿಸಿ, ಎದೆ ಬಡಿದುಕೊಂಡು ಶುರುಮಾಡಿದೆ.

"ಅಯ್ಯೋ ನಮ್ಮತ್ತೆಮ್ಮೋ! ಬುಟ್ಟೋದ್ಯಲ್ಲಮ್ಮೋ! ಇನ್ಮ್ಯಾಕೆ ಮಜ್ಜಿಗೆಗೆ ನೀರು ಉಯ್ಯೋರ್ಯಾರಮ್ಮೋ! ಉಪ್ಪಿನಕಾಯಿ ಗುಡಾಣದ ಮುಂದೆ ಕಾವಲು ಕೂರೋರ್ಯಾರಮ್ಮೋ!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ಉರುಳಾಡಿದರು. ತಲೆ ಎತ್ತಿ ನೋಡಿದರೆ ಬಾಗಿಲಲ್ಲಿ ಅತ್ತೆಮ್ಮ!

"ಮದ್ವೆ ಮನೇಲಿ ಏನಮ್ಮಾ ಇದು ಅಪಶಕುನ!" ಎಂದು ಪಕ್ಕದ ಮನೆ ಸುನಂದಮ್ಮ ಬೇರೆ ಕಡ್ಡಿ ಗೀರಿದಳು.

"ಸತ್ತಿರೋಳು ನಾನು ಕಣೇ, ನಿಂಗೇನು?" ಎಂದ ಅತ್ತೆಮ್ಮ ಗುಂಡಿನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಗುಂಡಿಗೆ ಹೊದಿಸಿದ್ದ ಸೀರೆಯನ್ನು ನೀಟಾಗಿ ಸರಿಮಾಡಿದರು. "ತಿಮ್ಮೀ, ಮೊದ್ಲಿಂದ ಅಳು. ನಾನು ಕೇಳುಸ್ಕೊಂಡಿಲ್ಲ."

ಅಲ್ಲಿಂದ ನನಗೆ ಶನಿ ವಕ್ಕರಿಸಿತು. ಮದುವೆ, ಒಸಗೆ, ನಾಮಕರಣ, ಎಲ್ಲಿ ಹೋದರೂ ಅದೇ. ಕೆ.ಆರ್. ನಗರದ ಮಿಲ್ಲಿಗೆ ಭತ್ತ ಹಾಕಲು ಹೋದರೆ ಅಲ್ಲಿಯವರೂ, "ಒಸಿ ಅತ್ಬುಟ್ಟು ಓಗವ್ವ" ಅನ್ನುವವರೇ! ಬೇರೆ ಮನೆಯ ಗುಂಡಿನ ಮುಂದೆ ಅಳಲು ಅತ್ತೆಮ್ಮ ಬಿಡುತ್ತಿರಲಿಲ್ಲ. "ಅದು ನನ್ನಂಗಿಲ್ಲ, ಬಡಕಲು" ಎನ್ನುತ್ತಿದ್ದರು. ಆದ್ದರಿಂದ ನಮ್ಮ ಗುಂಡೇ ಗೋಣಿಚೀಲದಲ್ಲಿ ಬಸ್ಸು ಹತ್ತುತ್ತಿತ್ತು. ಹ್ಯಾಂಡ್‌ಪೋಸ್ಟಿನ ಬಸ್ ಸ್ಟಾಪಿನಲ್ಲಿ ಒಬ್ಬ ಕಂಡಕ್ಟರ್ ಲಗೇಜು ಹಾಕಬೇಕು ಎಂದ. "ಅದು ಲಗೇಜಲ್ಲ ಕಣಪ್ಪ, ನನ್ ಎಣ" ಎಂದರು ಅತ್ತೆಮ್ಮ. ಅವನು ನಮ್ಮ ಕಡೆ ಮತ್ತೆ ತಿರುಗಿ ನೋಡಲಿಲ್ಲ. ನಾವು ವಾಪಸು ಬರುವ ತನಕ ನಮ್ಮ ಯಜಮಾನರು ಕರಿಯಪ್ಪನವರಿಗೆ ಮಸಾಲೆ ಇಲ್ಲದ ಸಾರು.

ಬರಬರುತ್ತಾ ಅತ್ತೆಮ್ಮ ತಿದ್ದಲೂ ಶುರುಮಾಡಿದರು. "ಮಜ್ಜಿಗೆ ಮಾತು ತೆಗಿ, ನನ್ನ ಬಸ್ಸಾರಿನ ಇಸ್ಯ ಆಕು." ಹುಣಸೂರಿನ ಒಂದು ಮದುವೆಯಲ್ಲಿ ನಾನು ಹಾಗೇ ಅತ್ತು ತೋರಿಸಿದೆ. ಜನ "ಮಜ್ಜಿಗೆ! ಮಜ್ಜಿಗೆ!" ಎಂದು ಚಪ್ಪಾಳೆ ತಟ್ಟಿದರು. ಅತ್ತೆಮ್ಮ ನಿಟ್ಟುಸಿರು ಬಿಟ್ಟು, "ಮಜ್ಜಿಗೆ ಇರ್ಲಿ ಬುಡು" ಎಂದರು.

ನಗುವವರಿಗೇನು? ನನಗೆ ಒಳಗೊಳಗೇ ಭಯ. ನಾನು ತಾಯಿ ಇಲ್ಲದವಳು. ಈ ಮನೆಗೆ ಬಂದಾಗ ತಲೆ ಬಾಚಿಕೊಳ್ಳಲೂ ಸರಿಯಾಗಿ ಬರುತ್ತಿರಲಿಲ್ಲ. ಬೈದುಕೊಂಡೇ ದಿನಾ ಬಾಚಿದವರು ಇದೇ ಅತ್ತೆಮ್ಮ. ನಮ್ಮ ಕಡೆ ಅತ್ತೆ ಸತ್ತರೆ ಸೊಸೆ ಏನೇನು ಹೇಳಿಕೊಂಡು ಅತ್ತಳು ಅನ್ನುವುದನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಒಂದು ದಿನ ಬಸ್ಸಿನಲ್ಲಿ ಕೇಳಿಯೇಬಿಟ್ಟೆ.

"ಅತ್ತೆಮ್ಮ, ನೀವು ನಿಜ್ವಾಗ್ಲೂ ಓದಾಗ ನಾನು ಏನಂತ ಅಳ್ಲಿ? ಇರೋದೆಲ್ಲ ಅತ್ತು ಖಾಲಿ ಮಾಡಿವ್ನಲ್ಲ!"

"ಒಸ್ದು ಕಟ್ಕೊ. ಚೆಂದಾಗಿರ್ಬೇಕು ಕಣೇ ಮತ್ತೆ. ನಿನ್ ಕೈಲಿ ಅಳುಸ್ಕೊಂಡೇ ನಾನು ಓಗೋದು" ಎಂದು ತೊಡೆಯ ಮೇಲಿದ್ದ ಚೀಲವನ್ನು ತಟ್ಟಿದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ, ಜಗಲಿಯಲ್ಲಿ ಬಿಸಿಲಿಗೆ ಮೈ ಕಾಯಿಸುತ್ತಾ ಕೂತಿದ್ದ ಅತ್ತೆಮ್ಮ ಹಾಗೇ ಹೋಗಿಬಿಟ್ಟರು. ಹಾರನಹಳ್ಳಿ, ಹುಣಸೂರಿಂದೆಲ್ಲ ಜನ ಲಾರಿ ಮಾಡಿಕೊಂಡು ಬಂದರು. ಸಾವಿನ ಮನೆಯಲ್ಲಿ ಮುಂದಿನ ಸಾಲಿಗೆ ನುಗ್ಗಾಡುವುದನ್ನು ನಾನು ಕಂಡದ್ದು ಅವತ್ತೇ. ಯಾವ ಪುಣ್ಯಾತ್ಮನೋ ರುಬ್ಬುಗುಂಡನ್ನೂ ಎತ್ತಿ ತಂದು ಅತ್ತೆಮ್ಮನ ಪಕ್ಕದಲ್ಲಿ ಇಟ್ಟಿದ್ದ.

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ತಲೆ ಬಾಚಿದ್ದನ್ನು ಹೇಳಿಕೊಂಡು ಅಳಬೇಕು ಅಂದುಕೊಂಡು ಬಾಯಿ ತೆರೆದೆ. ಹೊರಗೆ ಬಂದದ್ದು, "ಇನ್ಮ್ಯಾಕೆ ಮಜ್ಜಿಗೆಗೆ ನೀರು ಉಯ್ಯೋರ್ಯಾರಮ್ಮೋ!"

ಹಿಂದೆ ಯಾರೋ ಕಿಸಕ್ಕೆಂದರು. ಅಷ್ಟೇ, ಅಂಗಳವೆಲ್ಲ ನಗು. "ಒನ್ಸ್ ಮೋರ್!" ಎಂದಿತು ಒಂದು ಗಂಡು ದನಿ. ಅವನ ಬಾಯಿಗೆ ಮಣ್ಣು ಹಾಕ! ನಾನು ಹಿಂದಕ್ಕೆ ಸರಿದೆ. ಆದರೆ ನಾನು ನಿಲ್ಲಿಸಿದರೆ ಅವರು ಬಿಡುತ್ತಾರೆಯೇ? ಹಾರನಹಳ್ಳಿಯ ಬೀಗಿತ್ತಿ ಮುಂದೆ ಬಂದು, ನನ್ನದೇ ದನಿ ಮಾಡಿಕೊಂಡು, ಉಪ್ಪಿನಕಾಯಿ ಗುಡಾಣದಿಂದ ಎತ್ತಿಕೊಂಡಳು. ಹೆಂಗಸರೆಲ್ಲ ಸೇರಿಕೊಂಡರು. ಒಂದು ಮಾತು ಬಿಡದೆ ಅತ್ತರು, ನಕ್ಕರು, ಅತ್ತೆಮ್ಮನನ್ನು ಕಳಿಸಿಕೊಟ್ಟರು. ನಾನು ಕಂಬಕ್ಕೆ ಒರಗಿ ಒಣಗಣ್ಣಲ್ಲಿ ಕೂತಿದ್ದೆ. "ಸೊಸೆ ಒಂದನಿ ಕಣ್ಣೀರು ಆಕ್ಲಿಲ್ಲ ನೋಡ್ರವ್ವ" ಎಂದು ಸುನಂದಮ್ಮ ಊರಿಗೆಲ್ಲ ಸಾರಿದಳು.

ತಿಥಿಯ ಮಾರನೇ ದಿನ ಮಸಾಲೆ ರುಬ್ಬಲು ಕೂತೆ. ಒಂದಷ್ಟು ತಿರುವಿ, ಬೆರಳಿಗೆ ತೆಗೆದುಕೊಂಡು ನೋಡಿದೆ. ನುಣ್ಣಗಾಗಿರಲಿಲ್ಲ. ಹಾಗಂತ ಹೇಳುವವರು ಯಾರೂ ಇರಲಿಲ್ಲ. ಆಗ ಬಂತು ಅಳು. ಮಾತಿಲ್ಲ, ರಾಗವಿಲ್ಲ, ಗುಂಡನ್ನು ತಬ್ಬಿಕೊಂಡು ಕರು ಸತ್ತ ಹಸುವಿನಂತೆ ಅರಚಿದೆ.

ಕಿಟಕಿಯಲ್ಲಿ ಸುನಂದಮ್ಮನ ಮುಖ ಕಂಡಿತು. ಏನು ಸಂತೋಷ ಆ ಮುಖದಲ್ಲಿ!

"ಒಸ್ದು ಕಟ್ತಾ ಇದ್ದೀಯೇನೇ ತಿಮ್ಮೀ? ಒಸಿ ತಡಿ, ನಿಲ್ಸು. ಎಲ್ರುನೂ ಕರ್ಕೊಂಡು ಬತ್ತೀನಿ."